ಕಾಕು ಬಚ್ಚಿಟ್ಟ ಗುಳಿಗೆ

ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನಗೆ ಒಂದು ಕಡೆ ಕೂರಲಾಗುವುದಿಲ್ಲ. ಊರು ಬಿಟ್ಟು ಬಂದು ನಾವು ನೆಲೆಸಿದ್ದ ಖರಾಡಿಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಚಿಕ್ಕಪ್ಪನ ಹೆಂಡತಿ, ನಮ್ಮ ಕಾಕು, ಕೀಲುನೋವಿಗೆಂದು ತಿಂಗಳುಗಟ್ಟಲೆ ಸ್ಟಿರಾಯ್ಡ್ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. ನೋವು ಇಳಿದಿತ್ತು, ಆದರೆ ಮುಖ ಊದಿತ್ತು. ತನ್ನ ತಂಗಿಯ ಮದುವೆ ಹತ್ತಿರ ಬಂದಾಗ ಗುಳಿಗೆ ನುಂಗುವುದನ್ನು ಬಿಟ್ಟು, ಉಳಿದವನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟಳು. "ಫೋಟೋದಾಗ ಹಿಂಗ ಕಾಣಬಾರದವ್ವ. ಯಾರಿಗೂ ಹೇಳಬ್ಯಾಡ," ಎಂದು ನನ್ನಿಂದ ಆಣೆ ಮಾಡಿಸಿಕೊಂಡಳು.

ಐದನೆಯ ದಿನ ಮಧ್ಯಾಹ್ನ ವಾಂತಿ ಮಾಡಿಕೊಂಡು ಚಾಪೆಯ ಮೇಲೆ ಬಿದ್ದಳು. ಕೈ ತಣ್ಣಗೆ ಬೆವೆತಿತ್ತು. ಎಬ್ಬಿಸಿ ಕೂರಿಸಿದರೆ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಅವ್ವ ಲಿಂಬೆ ಶರಬತ್ತು ಕುಡಿಸುತ್ತ, "ಬಿಸಿಲಿಗೆ ಪಿತ್ತ ಆಗ್ಯದ," ಎಂದಳು. ನಾನು ಬಾಗಿಲಿಗೂ ಅಡುಗೆಮನೆಗೂ ತಿರುಗಾಡಿದೆ. ಬಾಯಿಗೆ ಬಂದ ಮಾತನ್ನು ಆಣೆ ನೆನಪಾಗಿ ನುಂಗುತ್ತಿದ್ದೆ. ಕಡೆಗೆ ಕಾಕುವಿನ ತುಟಿ ಬಿಳಿಚಿದ್ದನ್ನು ಕಂಡು ಗುಳಿಗೆಗಳನ್ನು ತಂದು ಅವ್ವನ ಮುಂದೆ ಇಟ್ಟುಬಿಟ್ಟೆ.

ರಿಕ್ಷಾದಲ್ಲಿ ದವಾಖಾನೆಗೆ ಓಡಿದೆವು. ತೋಳಿಗೆ ಸ್ಪಿರಿಟ್ ಒರೆಸಿ ಇಂಜೆಕ್ಷನ್ ಕೊಟ್ಟ ಡಾಕ್ಟರಬಾಯಿ ನಮ್ಮ ಧಾರವಾಡದ ಕಡೆಯವರು. "ಭಾಳ ದಿನ ತಗೊಂಡ ಗುಳಿಗಿ ಒಮ್ಮಿಗೇ ಬಿಡಬಾರದ್ರಿ. ಮೈ ಅದಕ್ಕ ಹೊಂದಿಕೊಂಡಿರತದ. ನಾವ ಸಾವಕಾಶ ಕಡಿಮಿ ಮಾಡಿಸ್ತೀವಿ," ಎಂದರು. "ಬಿಟ್ಟಾರಂತ ಗೊತ್ತಾಗಿದ್ದು ಚಲೋ ಆತು."

ಮನೆಗೆ ಬಂದ ಕಾಕು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಮುಂಜಾನೆ ಅವಲಕ್ಕಿ ತಿಂದು ಮುಗಿಸಿ, ನನ್ನತ್ತ ತಿರುಗಿ ಅಂಗೈ ಚಾಚಿದಳು.

"ಕೊಡವ್ವ," ಎಂದಳು. "ದಿನಾ ನೀನ ಕೊಡು."