ಮೇಸ್ತ್ರಿಯ ಮೂರನೇ ತಪ್ಪು

"ಕಣ್ಣೆಲ್ಲಿಟ್ಕೊಂಡು ಕೆಲಸ ಮಾಡ್ತೀರಿ ಮೇಸ್ತ್ರಿ?"

ಹಜಾರದಿಂದ ಅಕ್ಕನ ದನಿ ಕೇಳಿದ್ದೇ ತಡ, ತಂಗಿಯ ಕೈಯ ಸೂಜಿ ನಿಂತಿತು. ಸಿಕ್ಕಿಬಿದ್ದೆ, ಅಂದುಕೊಂಡಳು.

ಮೇಸ್ತ್ರಿ ಹಜಾರದಲ್ಲಿ ಕಟ್ಟುತ್ತಿದ್ದುದು ಮನೆಯನ್ನು ಇಬ್ಭಾಗ ಮಾಡುವ ಗೋಡೆ. ಜಗಳ ಶುರುವಾದದ್ದು ತಂಗಿಯ ಹೊಲಿಗೆ ಯಂತ್ರದ ಸದ್ದಿಗೆ. ಶಾಲೆಯ ಉತ್ತರ ಪತ್ರಿಕೆ ತಿದ್ದುತ್ತಿದ್ದ ಅಕ್ಕ, "ಈ ಗಡಗಡ ಸಾಕಾಯ್ತು, ನಡುವೆ ಗೋಡೆ ಹಾಕಿಸ್ತೀನಿ" ಅಂದಳು. "ಹಾಕಿಸು, ಯಾರು ಬೇಡ ಅಂದೋರು?" ಅಂದಳು ತಂಗಿ. ಅಷ್ಟೇ. ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ಇಬ್ಬರ ಬಿಗುಮಾನವೂ ಬಿಡಲಿಲ್ಲ. ಮಾರನೆಯ ದಿನವೇ ಇಟ್ಟಿಗೆ ಬಂದು ಬಿತ್ತು. ಆಮೇಲೆ ಅವರಿಬ್ಬರ ನಡುವೆ ಉಳಿದ ಮಾತೆಂದರೆ ಗೋಡೆಯದೊಂದೇ. ಅದು ಕಟ್ಟಿ ಮುಗಿದರೆ ಆ ಮಾತೂ ಇಲ್ಲ. ನಲವತ್ತು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ಉಂಡವರು! ನೆನೆದರೆ ತಂಗಿಗೆ ಸಹಿಸಲಾಗುತ್ತಿರಲಿಲ್ಲ.

ಅದಕ್ಕೇ ಅವಳು ಆ ಕಳ್ಳ ಕೆಲಸಕ್ಕೆ ಇಳಿದದ್ದು. ಅಕ್ಕ ಶಾಲೆಗೆ ಹೋದ ಹೊತ್ತು ನೋಡಿ, "ಸ್ವಲ್ಪ ಓರೆಯಾಗಿ ಕಟ್ಟಿ. ಅಕ್ಕಂಗೆ ಹೇಳಬೇಡಿ" ಎಂದು ಮೇಸ್ತ್ರಿಯ ಕಿವಿಯಲ್ಲಿ ಪಿಸುಗುಟ್ಟಿದ್ದಳು. ಸಂಜೆ ಅಕ್ಕ ತೂಗುಗುಂಡು ಇಳಿಬಿಟ್ಟು ನೋಡಿದಳು, ಕೂಗಾಡಿದಳು, ಗಾರೆ ಒಣಗುವ ಮೊದಲೇ ಕೆಡವಿಸಿದಳು. ಎರಡನೇ ಸಲ ಸ್ವಿಚ್ ಬೋರ್ಡು ಇಟ್ಟಿಗೆಯ ಹಿಂದೆ ಹೂತುಹೋಯಿತು. ಅದೂ ತಂಗಿಯ ಉಪಾಯವೇ. ಅದನ್ನೂ ಅಕ್ಕ ಕೆಡವಿಸಿದಳು. ಅಷ್ಟೆಲ್ಲ ಬೈದರೂ ಬೇರೆ ಮೇಸ್ತ್ರಿಯನ್ನು ಮಾತ್ರ ಕರೆಸಲಿಲ್ಲ. ಸದ್ಯ ಬಚಾವಾದೆ ಎಂದು ತಂಗಿ ಉಸಿರು ಬಿಟ್ಟಳು.

ಮೂರನೇ ಸಲಕ್ಕೆ ಅವಳಿಗೆ ಧೈರ್ಯ ಸಾಲಲಿಲ್ಲ. ಮೇಸ್ತ್ರಿಗೆ ಏನೂ ಹೇಳಲಿಲ್ಲ. ನೋಡಲಾರದೆ ಇಡೀ ದಿನ ಹಜಾರದ ಕಡೆ ತಲೆಯನ್ನೂ ಹಾಕಿರಲಿಲ್ಲ.

ಈಗ ಬಂದು ನೋಡಿದಳು. ಎದೆಮಟ್ಟದ ಗೋಡೆ. ನೆಟ್ಟಗಿದೆ, ನಯವಾಗಿದೆ. ಆದರೆ ನಟ್ಟನಡುವೆ ಒಂದು ಬಾಗಿಲಿನಷ್ಟು ಜಾಗ ಖಾಲಿ!

"ಬಾಗಿಲು ಯಾರಿಗೆ ಬೇಕಿತ್ತು?" ಅಕ್ಕ ಗುಡುಗಿದಳು. "ಪೂರ್ತಿ ಗೋಡೆ ಅಂತ ತಾನೆ ಮಾತಾಗಿದ್ದು?"

ಮೇಸ್ತ್ರಿ ತಲೆ ತಗ್ಗಿಸಿ ಕರಣೆ ಒರೆಸುತ್ತಿದ್ದ. ತಂಗಿ ಅವನ ಬಾಯನ್ನೇ ನೋಡಿದಳು. ಇವನು ಹಳೆಯದನ್ನೆಲ್ಲ ಈಗ ಕಕ್ಕಿಬಿಟ್ಟರೆ?

"ತಪ್ಪಾಯ್ತಮ್ಮಾ. ಮುಚ್ಚಿಬಿಡ್ಲಾ?"

"ನನ್ನನ್ನೇನು ಕೇಳ್ತೀರಿ? ಆ ಕಡೆ ಅವಳದ್ದಲ್ವಾ, ಅವಳನ್ನೇ ಕೇಳಿ. ಮುಚ್ಚಿ ಅಂದ್ರೆ ಮುಚ್ಚಿ." ಕೊನೆಗೆ ಅಕ್ಕನ ದನಿ ನಡುಗಿತು. ಕೋಪಕ್ಕೇ ಇರಬೇಕು. ದಡದಡನೆ ಒಳಗೆ ಹೋಗಿಬಿಟ್ಟಳು.

"ಇರಲಿ ಬಿಡಿ," ಎನ್ನಲು ತಂಗಿಗೆ ಕ್ಷಣವೂ ಬೇಕಾಗಲಿಲ್ಲ. ಆಮೇಲೆ ಮೇಸ್ತ್ರಿಯ ಹತ್ತಿರ ಸರಿದು ಪಿಸುದನಿಯಲ್ಲೇ ಗದರಿದಳು. "ಓರೆ ಕಟ್ಟಿ ಅಂದಿದ್ದು ನಾನು, ಸರಿ. ಬೋರ್ಡು ಮುಚ್ಚಿ ಅಂದಿದ್ದೂ ನಾನೇ. ಈ ಬಾಗಿಲು ಬಿಡೋಕೆ ಯಾರು ಹೇಳಿದ್ರು ನಿಮಗೆ? ಅಕ್ಕ ಎಲ್ಲಾ ನನ್ನ ತಲೆಗೇ ಕಟ್ಟಿದ್ರೆ ಏನು ಮಾಡ್ಲಿ?"

ಮೇಸ್ತ್ರಿ ಒಳಗಿನ ಕಡೆ ಒಮ್ಮೆ ಇಣುಕಿ ನೋಡಿ ದನಿ ತಗ್ಗಿಸಿದ. "ಅಳತೆ ಕೊಟ್ಟೋರೇ ನಿಮ್ಮಕ್ಕ. ತಂಗಿಗೆ ಹೇಳಬೇಡಿ ಅಂದಿದ್ದಾರೆ."