ಇಳಿಜಾರಿನ ಬ್ರೇಕು

"ಒತ್ತಿ ದೊಡ್ಡಪ್ಪ, ಇನ್ನೊಂದ್ಸಲ. ಪಾದ ಕೆಳಕ್ಕೆ ಒತ್ತಿ," ಎಂದು ಹುಡುಗಿ ಅಂಗಲಾಚಿದಳು. ದೊಡ್ಡಪ್ಪನ ಬಲ ಮೀನಖಂಡಕ್ಕೆ ಅಂಟಿಸಿದ್ದ ಎರಡು ಬಿಲ್ಲೆಗಳ ವೈರು ಅವಳ ಕೈಯಲ್ಲಿದ್ದ ಪುಟ್ಟ ಪೆಟ್ಟಿಗೆಗೆ ಸೇರಿತ್ತು. ಸ್ನಾಯು ಎಳ್ಳಷ್ಟು ಮಿಸುಕಿದರೂ ಪೆಟ್ಟಿಗೆ ಕೂಗಬೇಕು. ಅದು ಕಮಕ್ ಕಿಮಕ್ ಎನ್ನಲಿಲ್ಲ.

ಇಂಜಿನಿಯರಿಂಗು, ವೈದ್ಯಕೀಯ ಎರಡನ್ನೂ ಒಟ್ಟಿಗೆ ಕಲಿಸುವ ಕೋರ್ಸಿನ ಮೂರನೇ ವರ್ಷದಲ್ಲಿದ್ದಳು ಅವಳು. ಯಾರಿಗಾದರೂ ಜ್ವರ ಬಂದರೆ ಮನೆಯವರಿಗೆ ಅವಳು 'ಅರ್ಧ ಡಾಕ್ಟ್ರು', ಮಿಕ್ಸಿ ಕೆಟ್ಟರೆ 'ಅರ್ಧ ಇಂಜಿನಿಯರು'. ಜೀವಮಾನವಿಡೀ ಬಸ್ಸು ಓಡಿಸಿದ ದೊಡ್ಡಪ್ಪನಿಗೆ ಲಕ್ವ ಹೊಡೆದ ಮೇಲೆ ಊಟ ನಿದ್ದೆ ಬಿಟ್ಟು ಈ ಪೆಟ್ಟಿಗೆ ಮಾಡಿದ್ದಳು. ಮಾತು ಮರಳಿತ್ತು, ಕೈ ಅಷ್ಟಿಷ್ಟು ಆಡುತ್ತಿತ್ತು. ಬಲಗಾಲು ಮಾತ್ರ ಕೊರಡು.

"ಸಾಕಮ್ಮ," ಎಂದರು ಆಸ್ಪತ್ರೆಯ ಫಿಸಿಯೋ ಮೇಡಂ. "ಇವತ್ತೂ ಏನೂ ಕಾಣಲಿಲ್ಲ. ನಾಳೆಯಿಂದ ಕಾಲಿನ ವ್ಯಾಯಾಮ ನಿಲ್ಲಿಸೋಣ. ಗಾಲಿಕುರ್ಚಿಗೇ ಒಗ್ಗಿಕೊಳ್ಳಲಿ. ಸುಮ್ನೆ ಆಸೆ ಹುಟ್ಟಿಸೋದು ಬೇಡ."

ಹುಡುಗಿಗೆ ಎದೆ ಒಡೆದಂತಾಯಿತು. ಬಿಲ್ಲೆ ಕೀಳುವುದನ್ನೂ ಮರೆತು, ಪೆಟ್ಟಿಗೆಯನ್ನು ದೊಡ್ಡಪ್ಪನ ತೊಡೆಯ ಮೇಲಿಟ್ಟು ಕುರ್ಚಿಯನ್ನು ಹೊರಗೆ ತಳ್ಳಿಕೊಂಡು ಹೊರಟಳು. ಬಾಗಿಲಾಚೆ ಅಂಗಳಕ್ಕೆ ಇಳಿಜಾರು. ಮುಂದೆ ಹೋಗುತ್ತಿದ್ದ ದೊಡ್ಡಮ್ಮ ಚೀಲದಲ್ಲಿ ಕನ್ನಡಕ ಹುಡುಕುತ್ತ ನಡುದಾರಿಯಲ್ಲೇ ನಿಂತುಬಿಟ್ಟರು. ಕುರ್ಚಿ ಜಾರಿತು. ಪೆಟ್ಟಿಗೆ ಕಿವಿ ಕಿತ್ತುಹೋಗುವಂತೆ ಕೂಗಿತು!

ಹುಡುಗಿ ಕುರ್ಚಿಯನ್ನು ಜಗ್ಗಿ ಹಿಡಿದಳು. ದೊಡ್ಡಮ್ಮ ಪಕ್ಕಕ್ಕೆ ಹಾರಿದರು. ಕೂಗು ನಿಂತಿತು.

"ನೋಡಿದ್ಯಾ? ಬ್ರೇಕ್ ತುಳಿದ್ರು ಇವ್ರು!" ದೊಡ್ಡಮ್ಮ ಕೂಗಿಕೊಂಡರು. "ಬೇರೆಯವ್ರು ಗಾಡಿ ಓಡಿಸ್ವಾಗ ಪಕ್ಕದಲ್ಲಿ ಕೂತು ಬ್ರೇಕ್ ತುಳಿಯೋದು ಇವ್ರ ಹುಟ್ಟುಗುಣ ಕಣೇ!"

ಗಲಾಟೆ ಕೇಳಿ ಹೊರಬಂದ ಮೇಡಂ ತಲೆಯಾಡಿಸಿದರು. "ಕುರ್ಚಿ ಕುಲುಕಿದಾಗ ವೈರ್ ಅಲ್ಲಾಡಿರತ್ತೆ. ಆಗ್ಲೂ ಹೀಗೇ ಕೂಗತ್ತೆ."

ಅದು ಹುಡುಗಿಗೂ ಗೊತ್ತಿತ್ತು. ಗೊತ್ತಿದ್ದದ್ದೇ ಸಂಕಟ. ಕ್ಷಣ ಯೋಚಿಸಿ, "ಹಾಗಾದ್ರೆ ದೊಡ್ಡಪ್ಪನ ಕಣ್ಣು ಕಟ್ಟಿ ಇಳಿಸೋಣ," ಎಂದಳು. "ಅದೇ ಇಳಿಜಾರು, ಅದೇ ವೈರು. ತಪ್ಪು ವೈರಿಂದಾದ್ರೆ ಕಣ್ಣು ಕಟ್ಟಿದ್ರೂ ಕೂಗ್ಬೇಕಲ್ವಾ?"

ಮೇಡಂ ಈಗ ಅವಳ ಮುಖವನ್ನೇ ನೋಡಿದರು. ತಾವೂ ಬಂದು ಕುರ್ಚಿಯ ಒಂದು ಹಿಡಿ ಹಿಡಿದುಕೊಂಡರು.

ದೊಡ್ಡಮ್ಮನ ಕರವಸ್ತ್ರ ಕಟ್ಟಿ ಕುರ್ಚಿಯನ್ನು ದಡಬಡ ಇಳಿಸಿದರು. ಪೆಟ್ಟಿಗೆ ಸುಮ್ಮನಿತ್ತು. ಮೇಲಕ್ಕೆ ತಂದು ಇನ್ನೊಮ್ಮೆ ಇಳಿಸಿದರು. ಆಗಲೂ ತೆಪ್ಪಗಿತ್ತು. "ನನ್ನನ್ನೇನು ಜೋಕಾಲಿ ಆಡಿಸ್ತಿದ್ದೀರಾ?" ಎಂದು ದೊಡ್ಡಪ್ಪ ತೊದಲುತ್ತ ರೇಗಿದರು.

ಮೂರನೇ ಸಲ ಕಣ್ಣಿನ ಕಟ್ಟು ಬಿಚ್ಚಿ ಇಳಿಸಿದರು. ಎಲ್ಲಿ ಬಿದ್ದುಬಿಡುತ್ತಾರೋ ಎಂದು ದೊಡ್ಡಮ್ಮ ಇಳಿಜಾರಿನ ಬುಡದಲ್ಲಿ ಎರಡೂ ಕೈ ಚಾಚಿ ನಿಂತಿದ್ದರು. ಕುರ್ಚಿ ಎರಡು ಮೊಳ ಇಳಿಯುವಷ್ಟರಲ್ಲೇ ಪೆಟ್ಟಿಗೆ ಕೂಗಿತು. ಗಾಬರಿಯಲ್ಲಿ ಇಬ್ಬರೂ ಕುರ್ಚಿಯನ್ನು ನಿಲ್ಲಿಸಿಬಿಟ್ಟರು.

ಕುರ್ಚಿ ಅಲುಗದೆ ನಿಂತಿತ್ತು. ವೈರು ಅಲುಗದೆ ಜೋತುಬಿದ್ದಿತ್ತು. ಪೆಟ್ಟಿಗೆ ಮಾತ್ರ ಕೂಗುತ್ತಲೇ ಇತ್ತು.

ಹುಡುಗಿಗೆ ಹೋದ ಜೀವ ಬಂದಂತಾಯಿತು. ನಗುವೋ ಅಳುವೋ ತಿಳಿಯದೆ ಕುರ್ಚಿಯ ಬೆನ್ನಿಗೆ ಹಣೆ ಆನಿಸಿದಳು. "ನಾಳೆ ಬೆಳಿಗ್ಗೆ ವ್ಯಾಯಾಮಕ್ಕೆ ಬನ್ನಿ. ಇಲ್ಲಿಗೇ, ಈ ಇಳಿಜಾರಿಗೇ," ಎಂದ ಮೇಡಂ ಕಣ್ಣೊರೆಸಿಕೊಂಡು ದೊಡ್ಡಪ್ಪನತ್ತ ಬಾಗಿದರು. "ಗಾಡಿ ನಿಂತಾಯ್ತಲ್ಲ ಯಜಮಾನ್ರೇ, ಇನ್ನು ಕಾಲು ತೆಗೀರಿ."

ದೊಡ್ಡಪ್ಪ ಎದುರಿಗಿದ್ದ ಹೆಂಡತಿಯಿಂದ ಕಣ್ಣು ಕೀಳಲಿಲ್ಲ.

"ಮೊದ್ಲು ಅವಳಿಗೆ ಪಕ್ಕಕ್ಕೆ ಸರಿಯೋಕೆ ಹೇಳಿ."