ಆಸಕ್ತಿಯ ಬಳೆ

ಸುನಂದಾ ಅವ್ವನೊಂದಿಗೆ ನೋಡಲು ಬಂದ ಏಳನೆಯ ಕಾಲೇಜು ಅದು. ಗೇಟಿನಲ್ಲಿ ಎಲ್ಲರಿಗೂ ತೊಡಿಸುವಂತೆ ಅವಳಿಗೂ ಆಸಕ್ತಿಯ ಬಳೆ ತೊಡಿಸಿದ್ದರು. ಕಾಲೇಜಿನ ಮೇಲೆ ನಿಜವಾದ ಆಸಕ್ತಿ ಹುಟ್ಟಿದರೆ ಬಳೆಯ ದೀಪ ಹಸಿರಾಗುತ್ತದೆ, ಸೀಟು ಸಿಗುತ್ತದೆ. ಅಂಕಗಳನ್ನು ಈಗ ಯಾರೂ ಕೇಳುವುದಿಲ್ಲ. ಗ್ರಂಥಾಲಯದಲ್ಲಿ ಅವಳು ಕಣ್ಣರಳಿಸಿದಳು, ಸಭಾಂಗಣದಲ್ಲಿ ಬೇಕೆಂದೇ "ಅಬ್ಬಾ" ಎಂದಳು. ಆರು ಕಾಲೇಜುಗಳಲ್ಲಿ ಆದಂತೆ ಇಲ್ಲಿಯೂ ದೀಪ ಹಳದಿಯಾಗಿಯೇ ಉಳಿಯಿತು.

ಸಸ್ಯಶಾಸ್ತ್ರದ ಕೋಣೆಗೆ ಬರುವಷ್ಟರಲ್ಲಿ ಅವಳ ಕಾಲುಗಳು ಸೋತಿದ್ದವು.

"ಅವ್ವಾ, ಇದನ್ನ ಒಂದೀಟ ನೀ ಹಾಕ್ಕೋ, ಮಾರಿ ತೊಳಕೊಂಡು ಬರ್ತೀನಿ. ಬಿಚ್ಚಿಟ್ರ ದೀಪ ಆರತೈತಿ, ಮತ್ತ ಗೇಟಿನಿಂದ ಪಾಳಿ ನಿಂದ್ರಬೇಕು."

ಮೂವತ್ತು ವರ್ಷ ಸಂತೆಯಲ್ಲಿ ಸೊಪ್ಪು ಮಾರಿದ ಶಾಂತವ್ವ ತನ್ನ ಗಾಜಿನ ಬಳೆಗಳ ನಡುವೆ ಅದನ್ನೂ ತೊಟ್ಟುಕೊಂಡಳು.

ಸುನಂದಾ ಮರಳಿದಾಗ ಅವ್ವ, ಒಣಗಿಸಿ ಅಂಟಿಸಿದ ಗಿಡಗಳ ಗಾಜಿನ ಪೆಟ್ಟಿಗೆಗೆ ಮೂಗು ಹಚ್ಚಿ ನಿಂತಿದ್ದಳು.

"ಏ ಸುನಂದಾ, ಇದು ನಮ್ಮ ಹಕ್ಕರಕಿ ಸೊಪ್ಪು ನೋಡ! ಇದಕ್ಕ ಹೂವಾ ಆಗ್ತಾವಂತ, ಇಲ್ಲಿ ಬರದಾರ. ನಾ ಬರೇ ಎಳೇದು ಮಾರೇನಿ, ಹೂವಾ ನೋಡೇ ಇಲ್ಲ. ಬೀಜ ಹೆಂಗ ಇರ್ತಾವು? ಯಾರನ್ನ ಕೇಳೂಣು?"

ಅವಳ ಮುಂಗೈ ಹಸಿರಾಗಿ ಬೆಳಗುತ್ತಿತ್ತು.

ಬಾಗಿಲ ಬಳಿಯ ಗುಮಾಸ್ತ ಬೆಳಕು ಕಂಡು ಅರ್ಜಿ ಎಳೆದುಕೊಂಡ. "ಸೀಟ್ ಆತು. ಹೆಸರು ಹೇಳ್ರಿ."

ಶಾಂತವ್ವ ಗಾಬರಿಯಾಗಿ ಬಳೆ ಕಳಚಿ ಮಗಳಿಗೆ ತೊಡಿಸಲು ಹೋದಳು. ಸುನಂದಾ ಕೈ ಹಿಂದಕ್ಕೆಳೆದುಕೊಂಡಳು. ಬೆಳಗಿನಿಂದ ಮೊದಲ ಸಲ ಬೆಂಚಿನ ಮೇಲೆ ಕುಳಿತು ಚಪ್ಪಲಿ ಬಿಟ್ಟಳು.

"ಶಾಂತವ್ವ ಅಂತ ಬರ್ಕೋರಿ, ಸರ್. ನಾಳಿಂದ ಸೊಪ್ಪಿನ ಬುಟ್ಟಿ ನಾ ಹೊರ್ತೀನಿ."